ಸೋತ ವೀರನ ಹಾಡು ಯಾಕೆ ಉಳಿಯಿತು?

ಆಫೀಸಿನ ಪಾರ್ಟಿಗಳಲ್ಲಿ ಕರಾವೊಕೆ ಮೈಕು ಕೈಗೆ ಸಿಕ್ಕರೆ ಜನ ತಪ್ಪದೆ ಹಾಡುವ ಕೆಲವು ಇಂಗ್ಲಿಷ್ ಹಾಡುಗಳಿವೆ. ಬಾನಿ ಟೈಲರ್ ಹಾಡಿದ ‘ಹೋಲ್ಡಿಂಗ್ ಔಟ್ ಫಾರ್ ಎ ಹೀರೋ’ ಅವುಗಳಲ್ಲಿ ಒಂದು. ಜಿಮ್ ಸ್ಟೈನ್‌ಮನ್ ಮತ್ತು ಡೀನ್ ಪಿಚ್‌ಫರ್ಡ್ ಬರೆದ ಈ ಹಾಡು 1984ರ ‘ಫುಟ್‌ಲೂಸ್’ ಸಿನಿಮಾದ್ದು. ಇಪ್ಪತ್ತು ವರ್ಷದ ನಂತರ, 2004ರಲ್ಲಿ, ‘ಶ್ರೆಕ್ 2’ ಕಾರ್ಟೂನ್ ಚಿತ್ರದಲ್ಲಿ ಅದೇ ಹಾಡು ಮತ್ತೆ ಬಂತು. ನಮ್ಮ ಟೀಮಿನಲ್ಲಿ ಅದನ್ನು ಗಂಟಲು ಹರಿಯುವಂತೆ ಹಾಡುವ ಹುಡುಗಿಯರು 1984ರಲ್ಲಿ ಹುಟ್ಟಿಯೇ ಇರಲಿಲ್ಲ. ನನ್ನ ಒಂಬತ್ತು ವರ್ಷದ ಮಗಳಿಗೂ ಅದು ಬಾಯಿಪಾಠ, ಶ್ರೆಕ್‌ನ ದೆಸೆಯಿಂದ.

ಆ ಹಾಡಿನಲ್ಲಿ ಕಥೆ ಅಂತ ಏನೂ ಇಲ್ಲ. ಒಬ್ಬ ಹೆಂಗಸು ತನಗೆ ಎಂಥ ವೀರ ಬೇಕು ಅಂತ ಪಟ್ಟಿ ಕೊಡುತ್ತಾಳೆ, ಅವನಿಗಾಗಿ ಕಾಯುತ್ತಾಳೆ, ಹಾಡು ಮುಗಿಯುತ್ತದೆ. ವೀರ ಮಾತ್ರ ಬರುವುದಿಲ್ಲ. ನಲವತ್ತು ವರ್ಷದಿಂದ ಜನ ಕೇಳುತ್ತಿದ್ದಾರೆ. ಅವನು ಕಡೆಗೂ ಬಂದನೇ ಅಂತ ವಿಚಾರಿಸಿದವರನ್ನು ನಾನು ಕಂಡಿಲ್ಲ.

ನನಗೆ ಇದರಲ್ಲಿ ಆಶ್ಚರ್ಯ ಅನಿಸದಿರುವುದಕ್ಕೆ ಕಾರಣ ಇದೆ. ನಾನು ಬೈಲಹೊಂಗಲ ಕಡೆಯವನು. ಕಿತ್ತೂರು, ಸಂಗೊಳ್ಳಿ ಎರಡೂ ನಮಗೆ ಹತ್ತಿರ. ವೀರ ಗೆದ್ದು ಮನೆಗೆ ಬಾರದ ಹಾಡುಗಳನ್ನು ಕೇಳುತ್ತಲೇ ಬೆಳೆದವರು ನಾವು. ಡೊಳ್ಳಿನ ಪದದಲ್ಲಿ ಅವನೇ, ಜಾತ್ರೆಯ ಗೀಗೀ ಪದದಲ್ಲಿ ಅವನೇ, ನಮ್ಮ ಆಯಿ ರೊಟ್ಟಿ ಬಡಿಯುತ್ತ ಗುನುಗುತ್ತಿದ್ದ ನಾಲ್ಕು ಸಾಲಿನಲ್ಲೂ ಅವನೇ: ಸಂಗೊಳ್ಳಿ ರಾಯಣ್ಣ. (ನಮ್ಮ ಮನೆಯಲ್ಲಿ ಆಯಿ ಅಂದರೆ ಅಜ್ಜಿ. ಪುಣೆಗೆ ಬಂದ ಹೊಸದರಲ್ಲಿ ‘ಆಯಿ ತೀರಿಕೊಂಡರು’ ಅಂತ ರಜೆ ಕೇಳಿದಾಗ ಇಲ್ಲಿನವರು ನನ್ನ ತಾಯಿಯೇ ಹೋದರೆಂದು ತಿಳಿದು ಮನೆಗೆ ಬಂದಿದ್ದರು.)

ಒಂದೇ ಹೆಸರು, ಎರಡು ಹಾಡು

ಪುಣೆಯಲ್ಲಿರುವ ಕನ್ನಡಿಗರಿಗೆ ಇನ್ನೊಂದು ಶಬ್ದವೂ ಹೀಗೆ ಗೊಂದಲ ಮಾಡುತ್ತದೆ. ಇಲ್ಲಿ ಲಾವಣಿ ಅಂದರೆ ಒಂಬತ್ತು ಗಜದ ಸೀರೆ, ಗೆಜ್ಜೆ, ಢೋಲ್ಕಿ, ಶೃಂಗಾರ. ವೀರನ ಕಥೆ ಹೇಳುವ ಹಾಡಿಗೆ ಮರಾಠಿಯಲ್ಲಿ ಪೋವಾಡಾ ಅನ್ನುತ್ತಾರೆ. ನಮ್ಮಲ್ಲಿ ಕಥೆ ಹೇಳುವ ಹಾಡೇ ಲಾವಣಿ. ದಂಗೆ, ಕೊಲೆ, ಬರಗಾಲ, ಮೋಸ, ಗಲ್ಲು, ಊರಲ್ಲಿ ನಡೆದದ್ದೆಲ್ಲ ಅದರೊಳಗೆ ಬರುತ್ತದೆ. ‘ಮನೆಯಲ್ಲಿ ಲಾವಣಿ ಕೇಳಿ ಬೆಳೆದೆ’ ಅಂದರೆ ಇಲ್ಲಿ ಕೆಲವರು ಹುಬ್ಬೇರಿಸುತ್ತಾರೆ.

ಹೆಸರು ಬೇರೆಯಾದರೂ ಹಾಡುವ ಜನ ಅಷ್ಟು ಬೇರೆಯಲ್ಲ. ಕಲ್ಗಿ-ತುರಾ ಎಂಬ ಎರಡು ಪಂಗಡ ಕಟ್ಟಿಕೊಂಡು ರಾತ್ರಿಯಿಡೀ ಸವಾಲು-ಜವಾಬು ನಡೆಸುವ ಪದ್ಧತಿ ಕೃಷ್ಣೆಯ ಎರಡೂ ದಂಡೆಗೆ ಇದೆ. ನಮ್ಮ ಗೀಗೀ ಮೇಳದವರು ಡಪ್ಪು, ತುಂತುಣಿ ಹಿಡಿದು ಹರದೇಶಿ-ನಾಗೇಶಿ ಅಂತ ವಾದಕ್ಕೆ ನಿಲ್ಲುತ್ತಾರೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನುವ ಜಗಳ ಬೆಳಗಾದರೂ ಮುಗಿಯುವುದಿಲ್ಲ. ಆದರೆ ರಾಯಣ್ಣನ ಪದ ಶುರುವಾದರೆ ವಾದ ನಿಲ್ಲುತ್ತದೆ. ಆಗ ಎಲ್ಲರೂ ಒಂದೇ ಕಡೆ.

ನಡೆದದ್ದೇನು?

ಕಥೆ ನಿಮಗೆ ಗೊತ್ತಿದ್ದದ್ದೇ. ಆದರೂ ಒಮ್ಮೆ ಹೇಳುತ್ತೇನೆ, ಏಕೆಂದರೆ ಹಾಡಿನ ಗುಟ್ಟು ಅದರ ವಿವರದಲ್ಲಿದೆ.

1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕ ಮಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಯಾದರು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿಟ್ಟರು. ಅಲ್ಲಿಯೇ 1829ರಲ್ಲಿ ಆಕೆ ತೀರಿಕೊಂಡಳು.

ರಾಯಣ್ಣನ ದಂಗೆ ಜೋರಾಗಿ ಎದ್ದದ್ದು ಅದರ ನಂತರ, 1830ರ ಮೊದಲ ತಿಂಗಳುಗಳಲ್ಲಿ. ಸಿನಿಮಾ, ನಾಟಕ ನೋಡಿದವರ ಮನಸ್ಸಿನಲ್ಲಿ ರಾಣಿ ಮತ್ತು ಬಂಟ ಒಟ್ಟಿಗೇ ನಿಂತಿರುತ್ತಾರೆ. ನಿಜದಲ್ಲಿ ಸೆರೆಯಲ್ಲಿ ವರ್ಷಗಟ್ಟಲೆ ಕಾದವಳು ಆ ದಂಗೆಯನ್ನು ಕಣ್ಣಿಂದ ನೋಡಲಿಲ್ಲ.

ರಾಯಣ್ಣ ರಾಜನಲ್ಲ, ಸರದಾರನೂ ಅಲ್ಲ. ಶೇತಸನದಿ. ಊರ ಕಾವಲಿನ ಚಾಕರಿಗೆ ಪ್ರತಿಯಾಗಿ ಒಂದಿಷ್ಟು ಹೊಲ ಉಂಡವನು. ಕಿತ್ತೂರು ಹೋದ ಮೇಲೆ ಇಂಥವರ ಜಮೀನಿನ ಮೇಲೆ ಕಂಪನಿಯ ಕಣ್ಣು ಬಿತ್ತು. ಕೆಲವರದು ಜಪ್ತಿ, ಕೆಲವರದಕ್ಕೆ ಹೆಚ್ಚಿನ ಕಂದಾಯ. ಅವನ ಸುತ್ತ ಕೂಡಿದ ಜನರೂ ಹೀಗೆ ಹೊಲ ಕಳೆದುಕೊಂಡವರು, ಕಳೆದುಕೊಳ್ಳುವ ಭಯ ಇದ್ದವರು. ಅವರು ಬೀಡಿಯ ಕಚೇರಿಗೆ ಬೆಂಕಿ ಇಟ್ಟರು, ಸಂಪಗಾವಿಯ ಮೇಲೆ ಬಿದ್ದರು. ಸುಟ್ಟದ್ದರಲ್ಲಿ ಕಾಗದ ಪತ್ರವೇ ಹೆಚ್ಚು, ಅಂದರೆ ಯಾರ ಹೊಲ ಯಾರದು, ಯಾರು ಎಷ್ಟು ಕೊಡಬೇಕು ಅನ್ನುವ ಲೆಕ್ಕ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಅವರು ಹೋದದ್ದು ನೇರ ಡೇಟಾಬೇಸಿಗೇ.

ಕಂಪನಿಗೆ ಅವನನ್ನು ಬಂದೂಕಿನಿಂದ ಹಿಡಿಯಲಾಗಲಿಲ್ಲ. 1830ರ ಏಪ್ರಿಲ್‌ನಲ್ಲಿ ಅದೇ ಸೀಮೆಯ ಗೌಡರ ಸಹಾಯ ಪಡೆದು, ಹಳ್ಳದಲ್ಲಿ ಸ್ನಾನಕ್ಕೆ ಇಳಿದಿದ್ದಾಗ, ಕತ್ತಿ ಕೈಯಲ್ಲಿಲ್ಲದ ಹೊತ್ತು ನೋಡಿ ಹಿಡಿದರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ದಂಗೆ ಅಡಗಿತು. ಹೊಲ ಮರಳಿ ಬರಲಿಲ್ಲ. ದತ್ತಕ ಮಗ ದೊರೆಯಾಗಲಿಲ್ಲ.

ಕಳೆದ ವರ್ಷ ರಾಜ್ಯೋತ್ಸವಕ್ಕೆ ನಮ್ಮ ಸೊಸೈಟಿಯ ಕನ್ನಡ ಮಕ್ಕಳೆಲ್ಲ ವೇಷ ಹಾಕಿದ್ದರು. ನನ್ನ ಮಗಳು ಚೆನ್ನಮ್ಮ. ತಾಲೀಮಿನ ನಡುವೆ ಈ ಕಥೆಯೆಲ್ಲ ಕೇಳಿಸಿಕೊಂಡು ಅವಳು ಕೇಳಿದಳು, “ಪಪ್ಪಾ, ಇಬ್ರೂ ಸೋತಾರಲ್ಲ? ಮತ್ತ ಅವರ ಹಾಡ ಯಾಕ ಹಾಡ್ತಾರ?”

ಅವಳಿಗೆ ಕೂಡಲೇ ಹೇಳಿದ್ದು ‘ಧೈರ್ಯ ಮಾಡಿದರಲ್ಲ, ಅದಕ್ಕ’ ಅಂತ. ಒಂಬತ್ತು ವರ್ಷದವಳಿಗೆ ಅದು ಸಾಕು. ನನಗೆ ಸಾಕಾಗಲಿಲ್ಲ. ಧೈರ್ಯ ಮಾಡಿದವರು ಎಷ್ಟೋ ಜನ, ಎಲ್ಲರಿಗೂ ಹಾಡಿಲ್ಲ.

ಸೆರೆಯಾದ ಸ್ಕಾಟಿಷ್ ಹುಡುಗ

ಕಿತ್ತೂರಿನಲ್ಲಿ ಸೆರೆಯಾದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಆಗ ಅವನಿಗೆ ಇಪ್ಪತ್ತೊಂದರ ಆಸುಪಾಸು. ಎಡಿನ್‌ಬರೋದಲ್ಲಿ ಹುಟ್ಟಿದ ಸ್ಕಾಟಿಷ್ ಹುಡುಗ. ಕಿತ್ತೂರಿನವರು ಅವನ ಜೀವಕ್ಕೆ ಏನೂ ಮಾಡದೆ ಬಿಟ್ಟರು. ಮುಂದೆ ಅವನೇ ನಮ್ಮ ಕಡೆಯ ಊರೂರಿನ ಹಳೆಯ ಕನ್ನಡ ಶಾಸನಗಳ ನಕಲು ಮಾಡಿಸಿ ಕೂಡಿಟ್ಟ.

ಎಲಿಯಟ್ ಹುಟ್ಟಿದ ನಾಡಿಗೂ ಒಂದು ದೊಡ್ಡ ಸೋಲು ಇತ್ತು. 1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಿನಲ್ಲಿ ಚಾರ್ಲ್ಸ್ ಎಡ್ವರ್ಡ್ ಸ್ಟುಅರ್ಟ್ ಎಂಬ ರಾಜಕುಮಾರನ ದಂಡು ಇಂಗ್ಲೆಂಡಿನ ರಾಜನ ಸೈನ್ಯದ ಮುಂದೆ ಧೂಳಿಪಟವಾಯಿತು. ರಾಜಕುಮಾರ ದ್ವೀಪದಿಂದ ದ್ವೀಪಕ್ಕೆ ಅಡಗಿ ತಿರುಗಿ ಕಡೆಗೆ ಫ್ರಾನ್ಸಿಗೆ ಪಾರಾದ. ಮತ್ತೆಂದೂ ದಂಡು ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಬರಲಿಲ್ಲ. ಕುಡಿತಕ್ಕೆ ಬಿದ್ದು 1788ರಲ್ಲಿ ರೋಮಿನಲ್ಲಿ ಸತ್ತ.

ಅವನನ್ನು ಮರಳಿ ಕರೆಯುವ ಹಾಡುಗಳು ಇವತ್ತಿಗೂ ಅಲ್ಲಿ ಮನೆಮಾತು. ‘ವಿಲ್ ಯೀ ನೋ ಕಮ್ ಬ್ಯಾಕ್ ಅಗೇನ್’ ಎಂಬುದನ್ನು ಬರೆದ ಕ್ಯಾರೊಲಿನಾ ಒಲಿಫಂಟ್, ಅಂದರೆ ಲೇಡಿ ನೇರ್ನ್, ಹುಟ್ಟಿದ್ದೇ 1766ರಲ್ಲಿ, ಆ ಸೋಲಿಗೆ ಇಪ್ಪತ್ತು ವರ್ಷ ತುಂಬಿದ ಮೇಲೆ. ರಾಜಕುಮಾರ ದೋಣಿಯಲ್ಲಿ ತಪ್ಪಿಸಿಕೊಂಡು ಹೋದ ‘ಸ್ಕೈ ಬೋಟ್ ಸಾಂಗ್’ ಅಚ್ಚಾದದ್ದು 1884ರಲ್ಲಿ, ಹೆಚ್ಚುಕಡಿಮೆ 140 ವರ್ಷದ ನಂತರ. ‘ಔಟ್‌ಲ್ಯಾಂಡರ್’ ಧಾರಾವಾಹಿ ನೋಡಿದವರಿಗೆ ಅದರ ಧಾಟಿ ಗೊತ್ತಿರುತ್ತದೆ; ಶುರುವಿನಲ್ಲಿ ಬರುವುದು ಅದೇ. ಕುಡಿದು ಸತ್ತ ಮುದುಕನ ಬಗ್ಗೆ ಯಾರೂ ಹಾಡುವುದಿಲ್ಲ. ದೋಣಿಯಲ್ಲಿ ಕೂತು ಹೋದ ಹುಡುಗ ಮರಳಿ ಬರಲಿ ಅನ್ನುತ್ತಾರೆ.

ನನಗೆ ಹೊಳೆದ ಮೊದಲ ಕಾರಣ ಇದು. ಗೆದ್ದ ವೀರ ಮರುದಿನದಿಂದ ರಾಜ್ಯ ಆಳಬೇಕು. ಕರ ಹಾಕಬೇಕು, ಕಾರಕೂನರನ್ನು ನೇಮಿಸಬೇಕು, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನಬೇಕು. ರಾಯಣ್ಣ ಗೆದ್ದಿದ್ದರೆ ಕಿತ್ತೂರಿನ ಹೊಸ ದೊರೆಯೂ ಕಂದಾಯ ಕೇಳುತ್ತಿದ್ದ, ಅದನ್ನು ವಸೂಲು ಮಾಡಲು ರಾಯಣ್ಣನೇ ಊರೂರಿಗೆ ಹೋಗಬೇಕಾಗುತ್ತಿತ್ತೋ ಏನೋ. ಸೋತವನಿಗೆ ಆ ಪರೀಕ್ಷೆ ಇಲ್ಲ. ಅವನ ಮೇಲೆ ಜನ ಇಟ್ಟ ಆಸೆ ಇಟ್ಟ ಹಾಗೆಯೇ ಉಳಿಯುತ್ತದೆ. ಅದಕ್ಕೇ ಹಾಡಿನ ವೀರ ಬರುವುದಿಲ್ಲ. ಬಂದರೆ ಹಾಡು ಅಲ್ಲಿಗೆ ಮುಗಿಯಿತು.

ಸಿಂಹಗಡದ ಮೇಲೆ ಒಂದು ತಕರಾರು

ಈ ವಾದವನ್ನು ನಾನು ಆಫೀಸಿನ ಮರಾಠಿ ಗೆಳೆಯನೊಬ್ಬನ ಮುಂದೆ ಇಟ್ಟೆ. ಶನಿವಾರ ಬೆಳಿಗ್ಗೆ ಸಿಂಹಗಡ ಹತ್ತಿ, ಮೇಲೆ ಪಿಠಲ-ಭಾಕರಿ ತಿನ್ನುತ್ತ ಕೂತಿದ್ದೆವು. ಅವನು ಒಪ್ಪಲಿಲ್ಲ. ಶಿವಾಜಿ ಮಹಾರಾಜರು ಗೆದ್ದವರು, ಆಳಿದವರು, ಆದರೂ ಅವರ ಪೋವಾಡಾ ಉಳಿದಿಲ್ಲವೇ ಅಂದ. ಅವನ ಮಾತು ಖರೆ. ಅಫಜಲಖಾನನ ವಧೆಯ ಮೇಲೆ ಅಜ್ಞಾನದಾಸ ಕಟ್ಟಿದ ಪೋವಾಡಾ ಆ ಕಾಲದ್ದೇ. 1869ರಲ್ಲಿ ಜೋತಿಬಾ ಫುಲೆಯವರೂ ಶಿವಾಜಿಯ ಮೇಲೆ ಪೋವಾಡಾ ಬರೆದರು. ಅವರಿಗೆ ಬೇಕಾದ ಶಿವಾಜಿ ಒಕ್ಕಲಿಗರ, ಶೂದ್ರರ ರಾಜ. ಗೆದ್ದವರ ಹಾಡೂ ಉಳಿಯುತ್ತದೆ ಅನ್ನುವುದನ್ನು ನಾನು ಒಪ್ಪಿಕೊಂಡೆ.

ಆದರೆ ನಾವು ಕೂತಿದ್ದ ಗಡದ ಹಾಡು ಯಾರದು? ತಾನಾಜಿ ಮಾಲುಸರೆಯದು. 1670ರಲ್ಲಿ ರಾತ್ರೋರಾತ್ರಿ ಈ ಕೋಟೆ ಹತ್ತಿ, ಗೆಲುವು ಕೈಗೆ ಬರುವ ಮೊದಲೇ ಸತ್ತವನು. ತುಳಸಿದಾಸ ಶಾಹೀರ ಕಟ್ಟಿದ ಅವನ ಪೋವಾಡಾ ಮಹಾರಾಷ್ಟ್ರದಲ್ಲೆಲ್ಲ ಪ್ರಸಿದ್ಧ. ಕೋಟೆ ಗೆದ್ದದ್ದು ರಾಜನ ಲೆಕ್ಕಕ್ಕೆ ಸೇರಿತು. ಹಾಡು ಮಾತ್ರ ಮಗನ ಮದುವೆ ಬಿಟ್ಟು ಹೊರಟು ಮನೆಗೆ ಮರಳದವನ ಕಡೆ ಹೋಯಿತು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದು ಹೌದು ಅಂದ.

ಆಮೇಲೆ ಅವನೇ ಇನ್ನೊಂದು ಮಾತು ಸೇರಿಸಿದ, ಅದು ನನಗೆ ಹೊಳೆದಿರಲಿಲ್ಲ. ಪೋವಾಡಾ ಕೇಳುವಾಗ ತಾನಾಜಿ ಒಬ್ಬನೇ ಇರುವುದಿಲ್ಲ, ಅವನ ತಮ್ಮ ಸೂರ್ಯಾಜಿ ಇದ್ದಾನೆ, ಮುದುಕ ಶೇಲಾರಮಾಮಾ ಇದ್ದಾನೆ, ಹೆಸರಿಲ್ಲದ ಮಾವಳೆಗಳು ಇದ್ದಾರೆ ಅಂತ.

ಹಾಡಿನಲ್ಲಿ ಎಷ್ಟು ಜನ?

ಅವನು ಹೇಳಿದ್ದು ನಮ್ಮ ಲಾವಣಿಗೂ ಸಲ್ಲುತ್ತದೆ. ನಮ್ಮ ಜನ ಹಾಡುವ ರಾಯಣ್ಣನ ಸುತ್ತ ಒಂದು ಊರೇ ಇದೆ. ತಾಯಿ ಕೆಂಚವ್ವ ಇದ್ದಾಳೆ. ಬಿಚ್ಚುಗತ್ತಿ ಚನ್ನಬಸಪ್ಪ ಇದ್ದಾನೆ. ಸಿದ್ದಿ ಗಜವೀರ ಇದ್ದಾನೆ. ಅನ್ನ ಹಾಕಿದವರು, ಅಡಗಿಸಿ ಇಟ್ಟವರು ಇದ್ದಾರೆ. ಹಿಡಿದುಕೊಟ್ಟವರೂ ಇದ್ದಾರೆ, ಹೆಸರು ಹಿಡಿದು, ಊರು ಹಿಡಿದು. ಆಯಿ ಹೇಳುತ್ತಿದ್ದಳು, ಹಾಡುವವರು ತಾವು ಯಾವ ಊರಲ್ಲಿ ನಿಂತಿದ್ದೇವೆ ನೋಡಿಕೊಂಡು ಒಂದೆರಡು ಹೆಸರು ನುಂಗಿಬಿಡುತ್ತಿದ್ದರಂತೆ. ನುಂಗಿದ್ದು ಕೇಳುವವರಿಗೆ ಗೊತ್ತಾಗುತ್ತಿತ್ತಂತೆ. ಅಂದರೆ ನೂರಾರು ವರ್ಷದ ನಂತರವೂ ಆ ಹಾಡು ಒಬ್ಬ ವೀರನನ್ನು ಹೊಗಳುವುದಷ್ಟೇ ಮಾಡುತ್ತಿರಲಿಲ್ಲ. ಆ ದಿನ ನೀವು ಎಲ್ಲಿದ್ದಿರಿ ಅಂತ ಊರಿಗೆ ಊರನ್ನೇ ಕೇಳುತ್ತಿತ್ತು.

1857ರ ಹಲಗಲಿ ಬೇಡರ ಲಾವಣಿಯೂ ಹೀಗೆಯೇ. ಹತಾರ ಒಪ್ಪಿಸಿ ಎಂಬ ಹುಕುಮು ಬಂದಾಗ ಮುಧೋಳ ಸೀಮೆಯ ಒಂದು ಸಣ್ಣ ಊರು ಒಲ್ಲೆ ಅಂದಿತು. ಊರಿಗೆ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಜಡಗ, ಬಾಲ ಮತ್ತು ಅವರ ಜೊತೆಯವರು ಗಲ್ಲಿಗೇರಿದರು. ಆ ಹಾಡಿನಲ್ಲಿ ನಾಯಕ ಯಾರು ಅಂತ ಕೇಳಿದರೆ ಹಲಗಲಿ ಅಂತಲೇ ಹೇಳಬೇಕು.

ರಾಯಣ್ಣನ ಲಾವಣಿ ಕಾಗದಕ್ಕೆ ಇಳಿದ ಬಗೆಯೂ ಸ್ವಾರಸ್ಯದ್ದು. ಅದನ್ನು ಪ್ರಕಟಿಸಿದವರು ಜಾನ್ ಫೇಯ್ತ್‌ಫುಲ್ ಫ್ಲೀಟ್, ಮುಂಬಯಿ ಸರಕಾರದ ಅಧಿಕಾರಿ, ಶಾಸನತಜ್ಞ. 1885ರಿಂದ ಮುಂದಿನ ವರ್ಷಗಳಲ್ಲಿ ಮುಂಬಯಿಯಿಂದ ಹೊರಡುತ್ತಿದ್ದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅವರು ಕೆಲವು ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿದರು. ಅದರಲ್ಲಿ ರಾಯಣ್ಣನದೂ ಇದೆ, ನಾವೆಲ್ಲ ನಾಟಕವಾಗಿ ಬಲ್ಲ ಸಂಗ್ಯಾನ ಕೊಲೆಯ ಕಥೆಯೂ ಇದೆ. ಗಲ್ಲಿಗೆ ಹಾಕಿದ ಸರಕಾರದ ಸಾಲಿನಲ್ಲೇ ಬಂದ ಅಧಿಕಾರಿ, ಐವತ್ತನಾಲ್ಕು ವರ್ಷದ ನಂತರ, ಗಲ್ಲಿಗೇರಿದವನ ಹಾಡನ್ನು ಬರೆದುಕೊಂಡ. ಬರೆದುಕೊಳ್ಳುವಷ್ಟು ಅದು ಊರೂರಲ್ಲಿ ಜೀವಂತ ಇತ್ತು. ಮುಂಬಯಿಯ ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿ ಇದು: ನಮ್ಮ ಸೀಮೆಯ ಪದ ನಿಮ್ಮ ಊರಿನಲ್ಲಿ ಅಚ್ಚಾಯಿತು.

ಮೂರು ಅಕ್ಷರದ ರಾಯಣ್ಣ

ಈಗ ರಾಯಣ್ಣ ಎಲ್ಲೆಲ್ಲೂ ಇದ್ದಾನೆ. ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕೆ ಅವನ ಹೆಸರು. ಟಿಕೆಟ್ಟಿನಲ್ಲಿ ಅದು ‘ಕೆಎಸ್‌ಆರ್ ಬೆಂಗಳೂರು’. ಕ್ರಾಂತಿವೀರ, ಸಂಗೊಳ್ಳಿ, ರಾಯಣ್ಣ ಮೂರೂ ಸೇರಿ ಮೂರು ಅಕ್ಷರ. ನನ್ನ ಜೊತೆ ಕೆಲಸ ಮಾಡುವ ಎಷ್ಟೋ ಜನ ಅದನ್ನು ಯಾವುದೋ ಕಂಪನಿಯ ಹೆಸರು ಅಂದುಕೊಂಡಿದ್ದಾರೆ. ದಿಲ್ಲಿಯಲ್ಲಿರುವವರು ಸಂಸತ್ತಿನ ಆವರಣದಲ್ಲಿ 2007ರಲ್ಲಿ ನಿಲ್ಲಿಸಿದ ಚೆನ್ನಮ್ಮನ ಪ್ರತಿಮೆ ನೋಡಿರುತ್ತೀರಿ. ಇವೆಲ್ಲ ಬೇಕು. ಹೆಸರು ಕಿವಿಗೆ ಬೀಳುತ್ತಿರಲಿ.

ಆದರೆ ಪ್ರತಿಮೆಯಲ್ಲಿ ವೀರ ಒಬ್ಬನೇ ನಿಂತಿರುತ್ತಾನೆ. ತಾಯಿಲ್ಲ, ಗೆಳೆಯರಿಲ್ಲ, ಹಿಡಿದುಕೊಟ್ಟವರಿಲ್ಲ, ಹೊಲದ ಮಾತಂತೂ ಇಲ್ಲವೇ ಇಲ್ಲ. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಅದರಲ್ಲಿ ಯಾರು ಏನನ್ನು ಬೇಕಾದರೂ ತುಂಬಬಹುದು. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಪೆಟ್ಟು ಬಿತ್ತು. ಮರುವರ್ಷ ಗಡಿ ಜಗಳ ಮತ್ತೆ ಕಾವೇರಿ, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು, ಕೆಲವು ದಿನ ಬಸ್ಸೇ ನಿಂತವು. ಊರಿಗೆ ಹೋಗಬೇಕಾದವರು ಏನು ಪಾಡುಪಟ್ಟರು ನಿಮಗೂ ಗೊತ್ತು. ಒಬ್ಬ ತನ್ನ ಹೊಲಕ್ಕಾಗಿ ಕಂಪನಿಯ ಕಚೇರಿ ಸುಟ್ಟವನು, ಇನ್ನೊಬ್ಬರು ಬಾದಶಾಹಿಗಳ ನಡುವೆ ಸ್ವಂತ ರಾಜ್ಯ ಕಟ್ಟಿದವರು. ಇಬ್ಬರ ನಡುವೆ ನೂರೈವತ್ತು ವರ್ಷದ ಅಂತರ. ಇಬ್ಬರಿಗೂ ಪರಸ್ಪರ ಜಗಳವೇ ಇರಲಿಲ್ಲ. ಪ್ರತಿಮೆಗಳಿಗೆ ಮಾತ್ರ ಜಗಳ ಹಚ್ಚಲು ಬರುತ್ತದೆ. ಹಾಡುಗಳಿಗೆ ಹಚ್ಚುವುದು ಕಷ್ಟ, ಅವು ಕೂತು ಪೂರ್ತಿ ಕೇಳಿಸಿಕೊಳ್ಳಿ ಅನ್ನುತ್ತವೆ. ನಾನು ಮತ್ತು ನನ್ನ ಗೆಳೆಯ ಸಿಂಹಗಡದ ಮೇಲೆ ಮಾಡಿದ್ದೂ ಅದನ್ನೇ.

ಹಾಡಿನಲ್ಲಿ ಊರು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಚಹಾದ ಗಾಡಿಯ ಬಳಿ ಒಂದು ಕಥೆ ಹೇಳುತ್ತಿದ್ದರು. ನಾನು ಸೇರುವ ಮೊದಲೇ ನಡೆದದ್ದು. ಹನ್ನೆರಡು ಜನರ ಟೀಮಿಗೆ ‘ಸ್ವಇಚ್ಛೆಯಿಂದ’ ರಾಜೀನಾಮೆ ಬರೆಯಿರಿ ಅಂದರಂತೆ. ಆ ಕಾಲ್‌ನಲ್ಲಿ ಒಬ್ಬ ಹೆಣ್ಣುಮಗಳು ಮಾತ್ರ ಅನ್‌ಮ್ಯೂಟ್ ಮಾಡಿ, ಇದು ಕಾನೂನಿಗೆ ಸರಿಯಲ್ಲ, ನೋಟಿಸಿನ ಸಂಬಳ ಕೊಡಬೇಕಾಗುತ್ತದೆ ಅಂದಳಂತೆ. ಮೊದಲು ಹೋದದ್ದು ಅವಳ ಕೆಲಸ. ಕಥೆ ಹೇಳುವಾಗ ಎಲ್ಲರ ಕಣ್ಣೂ ಹೊಳೆಯುತ್ತಿತ್ತು, ‘ಅವಳಂಥವರು ಇನ್ನೊಬ್ಬರು ಬೇಕಿತ್ತು ನೋಡಿ’ ಅಂತ ಮುಗಿಯುತ್ತಿತ್ತು. ಉಳಿದ ಹನ್ನೊಂದು ಜನ ಆಗ ಏನು ಮಾಡುತ್ತಿದ್ದರು ಅನ್ನುವುದು ಆ ಕಥೆಯಲ್ಲಿ ಬರುತ್ತಲೇ ಇರಲಿಲ್ಲ. ನಮ್ಮ ಕಡೆಯ ಲಾವಣಿಕಾರ ಆಗಿದ್ದರೆ ಬಿಡುತ್ತಿರಲಿಲ್ಲ. ಹನ್ನೊಂದೂ ಹೆಸರು ಹೇಳುತ್ತಿದ್ದ, ಯಾರ ಯಾರ ಇಎಂಐ ಎಷ್ಟಿತ್ತು ಅನ್ನುವುದನ್ನೂ ಸೇರಿಸಿ, ಅವರ ಭಯವೂ ನಮಗೆ ಅರ್ಥವಾಗುವ ಹಾಗೆ.

ವೀರನಿಗಾಗಿ ಕಾಯುವ ಹಾಡುಗಳ ಮೇಲೆ ಒಂದು ಆರೋಪ ಇದೆ: ಜನರನ್ನು ಕೈಕಟ್ಟಿ ಕೂರಿಸುತ್ತವೆ, ಯಾರೋ ಬಂದು ಉದ್ಧಾರ ಮಾಡಲಿ ಅಂತ ಕಾಯಿಸುತ್ತವೆ. ಟೈಲರ್ ಹಾಡು ಬಂದ ಮರುವರ್ಷವೇ, 1985ರಲ್ಲಿ, ಟೀನಾ ಟರ್ನರ್ ‘ವಿ ಡೋಂಟ್ ನೀಡ್ ಅನದರ್ ಹೀರೋ’ ಹಾಡಿ ಗೆದ್ದಳು. ಆ ಆರೋಪ ನನಗೂ ಅರ್ಧ ಒಪ್ಪಿಗೆ. ಬರೀ ವೀರನ ಗುಣದ ಪಟ್ಟಿ ಕೊಡುವ ಹಾಡು ಕೇಳಿ ಮರೆಯುವುದಕ್ಕೆ ಚಂದ. ಆದರೆ ಲಾವಣಿ ಕಾಯಿಸುವ ಹಾಡಲ್ಲ. ಅವನು ಬಂದಿದ್ದ, ಆಗ ನಾವು ಹೀಗೆ ನಡೆದುಕೊಂಡೆವು ಅಂತ ಹೇಳುವ ಹಾಡು. ಹಂಬಲ ಇರುವುದು ನಿಜ. ಆ ಹಂಬಲದ ಅರ್ಧ ಇನ್ನೊಬ್ಬ ರಾಯಣ್ಣನಿಗಾಗಿ, ಇನ್ನರ್ಧ ಅವನನ್ನು ಹಿಡಿದುಕೊಡದ ಊರಿಗಾಗಿ. ಮಗಳ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು. ಇನ್ನೂ ಸ್ವಲ್ಪ ದೊಡ್ಡವಳಾದ ಮೇಲೆ ಹೇಳುತ್ತೇನೆ.

ಆಲದ ಮರದ ತೊಟ್ಟಿಲು

ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿ ಒಂದು ದೊಡ್ಡ ಆಲದ ಮರ ಇದೆ. ಅವನ ಸಂಗಡಿಗ ನೆಟ್ಟದ್ದು ಅಂತ ಜನರ ನಂಬಿಕೆ. ಮಕ್ಕಳಾಗದ ಹೆಣ್ಣುಮಕ್ಕಳು ಅಲ್ಲಿಗೆ ಬಂದು ಕಟ್ಟಿಗೆಯ ಸಣ್ಣ ತೊಟ್ಟಿಲು ಕಟ್ಟಿ ಹೋಗುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಅಂತ. ಬೆಂಗಳೂರಿನ ನಿಲ್ದಾಣದ ಫಲಕಕ್ಕಿಂತ, ಯಾವ ಸಿನಿಮಾಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ತೊಟ್ಟಿಲುಗಳು. ಅಲ್ಲಿ ಯಾರೂ ‘ಮರಳಿ ಬಾ’ ಅನ್ನುತ್ತಿಲ್ಲ. ನನ್ನ ಮನೆಯಲ್ಲಿ ಹುಟ್ಟು ಅನ್ನುತ್ತಿದ್ದಾರೆ. ಅವನ ಕೊನೆ ಏನಾಯಿತು ಅನ್ನುವುದು ಅವರಿಗೆಲ್ಲ ಗೊತ್ತು. ನಿಂತಿರುವುದೇ ಅವನ ಸಮಾಧಿಯ ಹತ್ತಿರ.

ನಾವು ಮಹಾನಗರದವರು ಮಕ್ಕಳಿಗಾಗಿ ಬೇಡಿಕೊಳ್ಳುವುದು ಬೇರೆ: ಒಳ್ಳೆಯ ಕಾಲೇಜು, ಒಳ್ಳೆಯ 'ಪ್ಯಾಕೇಜು', ಯಾರ ತಂಟೆಗೂ ಹೋಗದ ಬುದ್ಧಿ. ತಪ್ಪು ಅಂತ ನಾನು ಹೇಳಲಾರೆ, ನಾನೂ ಅದನ್ನೇ ಬೇಡುತ್ತೇನೆ. ಜೊತೆಗೆ, ಮುಂದೊಂದು ದಿನ ನನ್ನ ಮಗಳು ಅಂಥ ಕಾಲ್‌ನಲ್ಲಿ ಕೂತಿದ್ದರೆ, ಮೊದಲು ಮಾತಾಡುವವಳು ಅವಳಾಗದಿದ್ದರೂ ಎರಡನೆಯವಳಾದರೂ ಆಗಲಿ ಅಂತ ಈಗೀಗ ಅನಿಸುತ್ತದೆ.

ಊರಲ್ಲಿ ಈ ಪದಗಳು ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿ ಇದ್ದರೆ, ಈ ಸಲ ರಜೆಗೆ ಹೋದಾಗ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಧ್ವನಿ ನಡುಗಿದರೂ ಪರವಾಗಿಲ್ಲ, ಸಾಲು ಮರೆತರೂ ಪರವಾಗಿಲ್ಲ. ಹಾಡಿನಲ್ಲಿ ಬರುವ ಊರುಗಳ, ಜನರ ಹೆಸರನ್ನು ಮಾತ್ರ ಬಿಡದೆ ಕೇಳಿ ಬರೆದುಕೊಳ್ಳಿ. ಯಾವುದಾದರೂ ಹೆಸರು ಬಂದಾಗ ಅವರು ನುಂಗಿದರೆ, ಅದನ್ನು ಇನ್ನೊಮ್ಮೆ ಕೇಳಿ.